ಅಣು ಗುರಿ ನೋಡುವುದಿಲ್ಲ

ಕೋಶದ ಪೊರೆಯಲ್ಲಿ ಕ್ಲೋರೈಡಿನಂಥ ಅಯಾನುಗಳಿಗೆ (ವಿದ್ಯುದಾವೇಶದ ಕಣಗಳಿಗೆ) ದಾರಿ ಮಾಡುವ, ಬೆಳಕು ತಾಗಿದರೆ ತೆರೆದುಕೊಳ್ಳುವ ಕೃತಕ ಅಯಾನ್ ಚಾನೆಲ್‌ಗಳ ಸುದ್ದಿ ಬಂದಾಗಲೆಲ್ಲ ಒಂದು ಸಾಲು ತಪ್ಪುವುದಿಲ್ಲ: ‘ಕ್ಯಾನ್ಸರ್ ಕೋಶವನ್ನೇ ಹುಡುಕಿ ಕೊಲ್ಲುವ ಅಣು’. ಹುಡುಕುವುದಿಲ್ಲ, ಮಾರಾಯರೇ! ಕೊಬ್ಬಿನ ಪೊರೆ ಸಿಕ್ಕಿದಲ್ಲಿ ಅದು ಹೊಕ್ಕು ಕೂರುತ್ತದೆ. ರೋಗದ ಕೋಶ, ಒಳ್ಳೆಯ ಕೋಶ ಎಂಬ ಭೇದ ಅದಕ್ಕಿಲ್ಲ. ಆಯ್ಕೆ ನಡೆಯುವುದು ದೀಪ ಹಿಡಿದವರ ಕೈಯಲ್ಲಿ.

ಪುಣೆಯ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆ ಐಸರ್‌ನಲ್ಲಿ ಪಿನಾಕಿ ತಾಲೂಕ್ದಾರ್ ಅವರ ತಂಡ ಇಂಥ ಅಣುಗಳ ಮೇಲೆ ಕೆಲಸ ಮಾಡಿದೆ. ಒಂದು ದಾರಿ ಹೀಗಿದೆ: ಅಣುವಿನ ಮುಖ್ಯ ಜಾಗಕ್ಕೆ ಆರ್ಥೋ-ನೈಟ್ರೊಬೆಂಜೈಲ್ ಮುಚ್ಚಳ ಹಾಕುತ್ತಾರೆ. 365 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಬೆಳಕು ಬಿದ್ದರೆ ಮುಚ್ಚಳ ಕಳಚುತ್ತದೆ, ಅಣುಗಳು ಒಟ್ಟುಗೂಡಿ ಪೊರೆಯಲ್ಲಿ ದಾರಿ ಮಾಡುತ್ತವೆ, ಹೊರಗಿನ ಕ್ಲೋರೈಡ್ ಒಳನುಗ್ಗುತ್ತದೆ. ಸಮತೋಲ ಕೆಟ್ಟ ಮೈಟೊಕಾಂಡ್ರಿಯದಿಂದ (ಕೋಶಕ್ಕೆ ಶಕ್ತಿ ಕೊಡುವ ಭಾಗ) ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಸೋರಿ, ಕೋಶವನ್ನು ಒಳಗಿಂದಲೇ ಕೊಲ್ಲುವ ಕ್ಯಾಸ್ಪೇಸ್ ಕಿಣ್ವಗಳು ಚುರುಕಾಗಿ ಕೋಶ ಸಾಯುತ್ತದೆ. ಈಗ ಬಳಕೆಯಲ್ಲಿರುವ, ಬೆಳಕಿನಿಂದಲೇ ಔಷಧವನ್ನು ಚುರುಕಾಗಿಸುವ ಫೋಟೊಡೈನಾಮಿಕ್ ಚಿಕಿತ್ಸೆಗೆ ಸಾಮಾನ್ಯವಾಗಿ ಆಮ್ಲಜನಕ ಬೇಕು, ಗಡ್ಡೆಯ ಒಳಗೆ ಅದಕ್ಕೇ ಬರ. ಇಲ್ಲಿ ಅದರ ಹಂಗಿಲ್ಲ.

ಆದರೆ ಗುರಿಯಿಡುವ ಕೆಲಸವೆಲ್ಲ ಬೆಳಕಿನದೇ ಆದಮೇಲೆ, ಬೆಳಕು ತಲುಪದ ಕಡೆ ಚಿಕಿತ್ಸೆಯೂ ಇಲ್ಲ. 365 ನ್ಯಾನೊಮೀಟರ್ ಬೆಳಕು ಚರ್ಮದಲ್ಲಿ ಒಂದು ಮಿಲಿಮೀಟರ್ ದಾಟುವುದೂ ಕಷ್ಟ. 650ರಿಂದ 850ರ ನಡುವಿನ ಕೆಂಪು ಮತ್ತು ಅದರಾಚೆಯ ಅವಕೆಂಪು ಬೆಳಕು ಇನ್ನೂ ಆಳಕ್ಕೆ ಇಳಿಯುತ್ತದೆ. ‘ಹಾಗಾದರೆ ಕೆಂಪು ಎಲ್‌ಇಡಿ ಹಾಕಿಬಿಡಿ’ ಎನ್ನುತ್ತಾರೆ. 365ರ ಫೋಟಾನಿನ ಶಕ್ತಿ ಸುಮಾರು 3.4 ಎಲೆಕ್ಟ್ರಾನ್‌ವೋಲ್ಟ್, 700ರದ್ದು 1.8. ಅದೇ ಮುಚ್ಚಳವನ್ನು ಅರ್ಧ ಶಕ್ತಿಯ ಫೋಟಾನ್ ಕಳಚದು, ರಸಾಯನವನ್ನೇ ಬದಲಿಸಬೇಕು. ಹೊಟ್ಟೆಯೊಳಗಿನ ಗಡ್ಡೆಗಾದರೆ ಬೆಳಕು ಒಯ್ಯುವ ಫೈಬರ್ ಇಳಿಸಬೇಕು.

ಇನ್ನೊಂದು ಪೀಡೆ ಕತ್ತಲಲ್ಲೇ ಸೋರುವ ಅಣು. ಮುಚ್ಚಳವಿಲ್ಲದ ಅಂಶ ಸ್ವಲ್ಪ ಉಳಿದಿದ್ದರೂ ಬೆಳಕು ಬೀಳದ ಒಳ್ಳೆಯ ಕೋಶಗಳು ಸಾಯುತ್ತವೆ. ಆದ್ದರಿಂದ ಪ್ರಯೋಗಾಲಯದಲ್ಲಿ ಅಣುವನ್ನು ತೂಗುವುದರಿಂದ ಹಿಡಿದು ಕೋಶ ಬೆಳೆಸುವ ಗುಳಿಗಳ ಪ್ಲೇಟಿಗೆ ಹಾಕುವವರೆಗೆ ಕೆಂಪು ದೀಪ, ಬಾಟಲಿಗೆ ಫಾಯಿಲ್. ಪ್ಲೇಟಿನಲ್ಲಿ ನಾಲ್ಕು ಗುಂಪು ಬೇಕೇ ಬೇಕು: ಏನೂ ಇಲ್ಲದ್ದು, ಬರೀ ಬೆಳಕು, ಬರೀ ಅಣು, ಎರಡೂ. ಎರಡನೆಯದನ್ನು ಬಿಡುವವರೇ ಹೆಚ್ಚು. 365ರ ಬೆಳಕು ತಾನೇ ಕೋಶಕ್ಕೆ ಹಾನಿ ಮಾಡುತ್ತದೆ ಎಂಬುದು ಮರೆತೇ ಹೋಗಿರುತ್ತದೆ. ಕಳಚಿದ ಮುಚ್ಚಳದಿಂದ ಹುಟ್ಟುವ ನೈಟ್ರೊಸೊ ಚೂರೂ ವಿಷವಾಗಬಲ್ಲದು, ಅದನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಫೀನಾಲ್ ರೆಡ್ ಎಂಬ ಬಣ್ಣ ಇರುವ ಮೀಡಿಯಂ (ಕೋಶ ಬೆಳೆಸುವ ದ್ರವ) ಬೆಳಕನ್ನು ನುಂಗುತ್ತದೆ, ಬೆಳಕು ಹಾಯಿಸುವಾಗ ತೆಗೆದುಬಿಡಿ.

‘ಐದು ನಿಮಿಷ ಬೆಳಕು ಕೊಟ್ಟೆವು’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಚದರ ಸೆಂಟಿಮೀಟರಿಗೆ 10 ಮಿಲಿವಾಟ್, 300 ಸೆಕೆಂಡ್, ಅಂದರೆ 3 ಜೌಲ್ ಎಂದು ಬರೆಯಿರಿ, ಅದೂ ಪ್ಲೇಟಿನ ಗುಳಿಯ ತಳದಲ್ಲಿ ಅಳೆದು.

ಕೊನೆಗೆ, ಸಾವಿಗೆ ಕ್ಲೋರೈಡೇ ಕಾರಣ ಎನ್ನುವ ಮೊದಲು ಮೀಡಿಯಂನ ಕ್ಲೋರೈಡ್ ತೆಗೆದು, ಅದರ ಬದಲು ಗ್ಲುಕೋನೇಟ್ ಎಂಬ ದೊಡ್ಡ ಅಯಾನು ಹಾಕಿ ನೋಡಿ. ಆಗಲೂ ಕೋಶಗಳು ಅಷ್ಟೇ ಸಂಖ್ಯೆಯಲ್ಲಿ ಸತ್ತರೆ, ಕೊಲ್ಲುತ್ತಿರುವುದು ಬಹುಶಃ ನಿಮ್ಮ ಚಾನೆಲ್ ಅಲ್ಲ.