ಸ್ಲೋಡ್ ರೀವರ್ಬ್‌ಗೂ ಮುಂಚೆ: ಹೂಸ್ಟನ್‌ನ ಡಿಜೆ ಸ್ಕ್ರೂ ಬಗ್ಗೆ ಟಿಪ್ಪಣಿ

ಯೂಟ್ಯೂಬ್‌ನಲ್ಲಿ ಹಿಟ್ ಆದ ಕನ್ನಡ ಸಿನಿಮಾ ಹಾಡೊಂದನ್ನು ಹುಡುಕಿ. ಅದರ ಕೆಳಗೇ "ಸ್ಲೋಡ್ ಆಂಡ್ ರೀವರ್ಬ್" ಅಂತ, ಅದೇ ಹಾಡನ್ನು ನಿಧಾನ ಮಾಡಿ ಅನುರಣನ (ರೀವರ್ಬ್) ಸೇರಿಸಿದ ಇನ್ನೊಂದು ಸಿಕ್ಕೇ ಸಿಗುತ್ತದೆ, ಮಳೆ ಕಿಟಕಿಯ ಚಿತ್ರದ ಜೊತೆ. ರೀಲ್ಸ್ ಕಾಲದ ಹೊಸ ಚಟ ಅನ್ನಿಸುತ್ತದೆ ಅಲ್ವಾ? ಇದರ ಬೇರು ಇರುವುದು ಅಮೆರಿಕದ ಟೆಕ್ಸಾಸ್‌ನ ಹೂಸ್ಟನ್‌ನಲ್ಲಿ, 1990ರ ದಶಕದ ಕ್ಯಾಸೆಟ್‌ಗಳಲ್ಲಿ. ಆ ಶೈಲಿಯ ಹೆಸರು ಚಾಪ್ಡ್ ಆಂಡ್ ಸ್ಕ್ರೂಡ್. ನಮ್ಮವರೆಗೆ ಬಂದು ಮುಟ್ಟಿರುವುದು ಅದರಲ್ಲಿ ಅರ್ಧ ಮಾತ್ರ, ನಿಧಾನ ಮಾಡುವ ಸ್ಕ್ರೂಡ್ ಭಾಗ. ಪದಗಳನ್ನು ಕತ್ತರಿಸಿ ಮತ್ತೆ ಕೇಳಿಸುವ ಚಾಪ್ಡ್ ಭಾಗ ದಾರಿಯಲ್ಲೇ ಬಿದ್ದುಹೋಯಿತು. ಕೈಚಳಕ ಇದ್ದದ್ದೇ ಅದರಲ್ಲಿ ಅಂತ ನನ್ನ ವಾದ.

ಇದನ್ನು ಕಟ್ಟಿದವನು ಡಿಜೆ ಸ್ಕ್ರೂ. 1971ರಲ್ಲಿ ಹುಟ್ಟಿದ ರಾಬರ್ಟ್ ಅರ್ಲ್ ಡೇವಿಸ್ ಜೂನಿಯರ್. ಆತ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲೆ ಹಾಕುತ್ತಿದ್ದ. ಎರಡನೆಯದು ಮೊದಲನೆಯದಕ್ಕಿಂತ ಒಂದು ಬೀಟ್ ಹಿಂದೆ ಓಡುತ್ತಿರುತ್ತದೆ. ರ‍್ಯಾಪರ್ ಒಂದು ಪದ ಹೇಳಿ ಮುಗಿಸುತ್ತಿದ್ದ ಹಾಗೇ, ದನಿಯನ್ನು ಒಂದು ರೆಕಾರ್ಡಿನಿಂದ ಇನ್ನೊಂದಕ್ಕೆ ಬದಲಿಸುವ ಕ್ರಾಸ್‌ಫೇಡರನ್ನು ಆ ಕಡೆ ತಳ್ಳಿದರೆ ಅದೇ ಪದ ಇನ್ನೊಮ್ಮೆ ಕೇಳುತ್ತದೆ, ಈ ಕಡೆ ಎಳೆದರೆ ಹಾಡು ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಹೋಗುತ್ತದೆ. ಇದು ಚಾಪ್. ಯಾವ ಪದ ಎರಡು ಸಲ ಬರಬೇಕು, ಯಾವುದು ಬೇಡ ಅನ್ನುವುದನ್ನು ಆ ಕ್ಷಣದಲ್ಲಿ ಕಿವಿಯೇ ತೀರ್ಮಾನಿಸಬೇಕು.

ಆಮೇಲೆ ನಿಧಾನ. ಆ ಕಾಲದ ಡಿಜೆಗಳ ಟೆಕ್ನಿಕ್ಸ್ 1200 ಟರ್ನ್‌ಟೇಬಲ್‌ನಲ್ಲಿ ವೇಗ ಬದಲಿಸುವ ಪಿಚ್ ಸ್ಲೈಡರ್ ಶೇ. 8ರಷ್ಟು ಮಾತ್ರ ಇಳಿಯುತ್ತದೆ. ಅಷ್ಟು ಸಾಲದು. ಹಾಗಾಗಿ ಮಿಕ್ಸನ್ನು ಟೇಪಿಗೆ ಇಳಿಸಿ, ಆ ಟೇಪನ್ನೇ ನಿಧಾನವಾಗಿ ಓಡಿಸಿ ಇನ್ನೊಂದು ಕ್ಯಾಸೆಟ್‌ಗೆ ತೆಗೆಯುತ್ತಿದ್ದ.

ಇಲ್ಲಿ ಸ್ವಲ್ಪ ಲೆಕ್ಕ. ಟೇಪನ್ನು ನಿಧಾನ ಮಾಡಿದರೆ ಲಯದ ಜೊತೆ ಶ್ರುತಿಯೂ ಇಳಿಯುತ್ತದೆ. ವೇಗವನ್ನು ಮುಕ್ಕಾಲಿಗೆ ತಂದರೆ 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ಹಾಡು 67.5 ಆಗುತ್ತದೆ, ಷಡ್ಜದಲ್ಲಿದ್ದ ಸ್ವರ ಸರಿಯಾಗಿ ಮಂದ್ರ ಪಂಚಮಕ್ಕೆ ಬೀಳುತ್ತದೆ. ನಮ್ಮ ಸಂಗೀತದಲ್ಲಿ ಚೌಕಕಾಲ ಹಾಡಿದರೆ ಶ್ರುತಿ ಅಲ್ಲೇ ನಿಲ್ಲುತ್ತದೆ, ಇಲ್ಲಿ ಎರಡೂ ಒಟ್ಟಿಗೆ ಕುಸಿಯುತ್ತವೆ. ದನಿಯ ಗಾತ್ರವೇ ಬದಲಾಗಿ, ಹದಿನೆಂಟರ ಹುಡುಗ ಹಾಡಿದರೂ ಅಜಾನುಬಾಹು ಒಬ್ಬ ಎದುರು ನಿಂತು ಮಾತಾಡಿದ ಹಾಗೆ ಕೇಳುತ್ತದೆ.

ಈ ಕ್ಯಾಸೆಟ್‌ಗಳು ಸ್ಕ್ರೂನ ಮನೆಯಿಂದಲೇ ಮಾರಾಟವಾಗುತ್ತಿದ್ದವು, ಕೊಳ್ಳುವವರ ಕಾರುಗಳು ರಸ್ತೆಯಲ್ಲಿ ಸಾಲು ನಿಲ್ಲುತ್ತಿದ್ದವು. ಹೂಸ್ಟನ್ ಹರಡಿಕೊಂಡಿರುವ ಊರು, ಕಾರಿಲ್ಲದೆ ಬದುಕಿಲ್ಲ, ಹಾಗಾಗಿ ಈ ಸಂಗೀತವನ್ನು ಜನ ಜಾಸ್ತಿ ಕೇಳಿದ್ದು ಕಾರಿನೊಳಗೇ. ಒಂದೇ ಟೇಪು ಕೇಳುವುದಾದರೆ 1996ರ "ಜೂನ್ 27" ಕೇಳಿ. ಗೆಳೆಯನೊಬ್ಬನ ಹುಟ್ಟುಹಬ್ಬಕ್ಕೆ ಸೇರಿದ, ಸ್ಕ್ರೂನ ಬಳಗವಾದ ಸ್ಕ್ರೂಡ್ ಅಪ್ ಕ್ಲಿಕ್ ಹುಡುಗರು, ಬಿಗ್ ಮೋ, ಬಿಗ್ ಪೋಕಿ, ಯಂಗ್‌ಸ್ಟಾರ್ ಮುಂತಾದವರು, ಒಂದೇ ಬೀಟಿನ ಮೇಲೆ ಅರ್ಧ ಗಂಟೆಗೂ ಮೀರಿ ಫ್ರೀಸ್ಟೈಲ್ (ಆಶುವಾಗಿ ಪದ ಕಟ್ಟಿ ರ‍್ಯಾಪ್) ಮಾಡುತ್ತಾ ಹೋಗುತ್ತಾರೆ. ಅವಸರವೇ ಇಲ್ಲ.

ಕೊಡೀನ್ ಕೆಮ್ಮಿನ ಸಿರಪ್ ವಿಷಯ ಬಿಡುವಂತಿಲ್ಲ. ಆ ವಲಯದಲ್ಲಿ ಅದರ ಚಟ ಇತ್ತು. 2000ದ ನವೆಂಬರ್‌ನಲ್ಲಿ, 29ನೇ ವಯಸ್ಸಿಗೇ, ಸ್ಕ್ರೂನ ಜೀವ ತೆಗೆದ ಮಾದಕಗಳಲ್ಲಿ ಕೊಡೀನ್ ಕೂಡ ಇತ್ತು. ಆದರೆ "ಸಿರಪ್ ಕುಡಿದವರ ಸಂಗೀತ, ಅಷ್ಟೇ" ಅಂತ ತಳ್ಳಿಹಾಕುವುದು ಸೋಮಾರಿ ವಿವರಣೆ. ಅಮಲಿನಲ್ಲಿ ತೂಗಾಡುವವನ ಕೈಗೆ ಆ ಕ್ರಾಸ್‌ಫೇಡರ್ ಲೆಕ್ಕ ದಕ್ಕುವುದಿಲ್ಲ.

ಸ್ಕ್ರೂ ಹೋದ ಮೇಲೂ ಶೈಲಿ ನಿಲ್ಲಲಿಲ್ಲ. ಉತ್ತರ ಹೂಸ್ಟನ್‌ನ ಸ್ವಿಷಾಹೌಸ್ ಬಳಗದಿಂದ ಬಂದ ರ‍್ಯಾಪರ್‌ಗಳಾದ ಮೈಕ್ ಜೋನ್ಸ್, ಪಾಲ್ ವಾಲ್ 2005ರ ಹೊತ್ತಿಗೆ ದೇಶಕ್ಕೆಲ್ಲ ಪರಿಚಿತರಾದರು. ನ್ಯೂಯಾರ್ಕ್‌ನ ರ‍್ಯಾಪರ್ ಎಸಾಪ್ ರಾಕಿ 2011ರಲ್ಲಿ ಇದೇ ಜಡ ದನಿಯನ್ನು ಎರವಲು ಪಡೆದ. ನನಗೆ ಇಷ್ಟವಾದದ್ದು 2016ರ "ಮೂನ್‌ಲೈಟ್" ಸಿನಿಮಾ. ಸಂಗೀತಗಾರ ನಿಕೋಲಸ್ ಬ್ರಿಟೆಲ್ ಪಿಟೀಲು, ಪಿಯಾನೋ ಸಂಗೀತವನ್ನೇ ಈ ತಂತ್ರದಲ್ಲಿ ಇಳಿಸಿ ಮುರಿದ. ರ‍್ಯಾಪ್ ಇಲ್ಲದೆಯೂ ತಂತ್ರ ನಿಂತಿತು. 2017ರ ಸುಮಾರಿಗೆ ಹೂಸ್ಟನ್ನಿನದೇ ಹುಡುಗನೊಬ್ಬ ಸ್ಲೇಟರ್ ಹೆಸರಿನಲ್ಲಿ ಹಾಡು ನಿಧಾನ ಮಾಡಿ ಮೇಲೆ ರೀವರ್ಬ್ ಹಾಕಿದ. ಇವತ್ತಿನ ಅಲೆ ಶುರುವಾದದ್ದು ಅಲ್ಲಿಂದ.

ಮಾಡಿ ನೋಡುವವರಿಗೆ: ದನಿ ಎಡಿಟ್ ಮಾಡುವ ಆಡಾಸಿಟಿ ತಂತ್ರಾಂಶದಲ್ಲಿ ಒಂದೇ ಹಾಡನ್ನು ಎರಡು ಟ್ರ್ಯಾಕ್‌ಗೆ ಹಾಕಿ. ಎರಡನೆಯದನ್ನು ಒಂದು ಬೀಟ್ ಹಿಂದಕ್ಕೆ ಜರುಗಿಸಿ, 90 ಬಿಪಿಎಂ ಆದರೆ 0.67 ಸೆಕೆಂಡು. ಒಂದು ಸಲಕ್ಕೆ ಒಂದೇ ಟ್ರ್ಯಾಕ್ ಕೇಳಬೇಕು. ಬೇಕಾದ ಪದ ಮುಗಿದ ತಕ್ಷಣ ಮೊದಲನೆಯದನ್ನು ಒಂದು ಬೀಟ್ ಮ್ಯೂಟ್ ಮಾಡಿ ಎರಡನೆಯದನ್ನು ಬಿಡಿ. ಎಲ್ಲ ಮುಗಿದ ಮೇಲೆ ಒಟ್ಟಿಗೇ ವೇಗ ಇಳಿಸಿ. ಟೆಂಪೊ ಬದಲಿಸುವ ಆಯ್ಕೆ ಬೇಡ, ಅದು ಶ್ರುತಿಯನ್ನು ಹಿಡಿದಿಟ್ಟುಬಿಡುತ್ತದೆ. ಸ್ಪೀಡ್ ಬದಲಿಸುವುದನ್ನೇ ಒತ್ತಿ. ರೀವರ್ಬ್ ಸದ್ಯಕ್ಕೆ ಮುಟ್ಟಬೇಡಿ, ಅದನ್ನು ಹಾಕಿದರೆ ಚಾಪ್ ಎಲ್ಲಿ ತಪ್ಪಿತು ಅಂತ ಕೇಳುವುದೇ ಇಲ್ಲ.