ಬ್ಯಾಟರಿ ಸೈಕಲ್ಲು ನಮ್ಮ ಗಿರಿ ಹತ್ತುತ್ತದೆಯೇ?

ಪ್ರಶ್ನೆ: ನನಗೆ 56 ವರ್ಷ, ಹಾಸನದಲ್ಲಿ ಕೆಲಸ. ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೆ, ಆಮೇಲೆ ಮುಟ್ಟಿಲ್ಲ. ಮೊಣಕಾಲು ಆಗಾಗ ಹಿಡಿದುಕೊಳ್ಳುತ್ತದೆ. ಚಿಕ್ಕಮಗಳೂರಿನಲ್ಲಿ ಗೈಡ್ ಜೊತೆ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಕೆರೆ, ಕಾಫಿ ತೋಟ, ಗಿರಿ ಎಲ್ಲ ಸುತ್ತಿ ಬರೋಣ ಅಂತ ತಂಗಿ ಹಟ ಹಿಡಿದಿದ್ದಾಳೆ. ಒಂದು ಸಲ ಚಾರ್ಜ್ ಮಾಡಿದರೆ 60 ಕಿಲೋಮೀಟರ್ ಓಡುತ್ತದೆ ಅನ್ನುತ್ತಾರೆ. ಘಾಟಿಯಲ್ಲಿ ಅದು ನಿಜವೇ? ನಡುದಾರಿಯಲ್ಲಿ ಬ್ಯಾಟರಿ ಮುಗಿದರೆ ಏನು ಮಾಡುವುದು?

ಉತ್ತರ: ಮೇಡಂ, ಖಂಡಿತ ಬನ್ನಿ. ಆದರೆ ಆ 60 ಕಿಲೋಮೀಟರನ್ನು ಹಾಸನದಲ್ಲೇ ಬಿಟ್ಟು ಬನ್ನಿ. ಸಮತಟ್ಟು ರಸ್ತೆ, ಹಗುರ ಸವಾರ, ಮೋಟಾರಿನ ಸಹಾಯ ಅತಿ ಕಡಿಮೆ ಮಟ್ಟದಲ್ಲಿ ಇದ್ದಾಗ ಬರುವ ಲೆಕ್ಕ ಅದು. ಮಲೆನಾಡಿನಲ್ಲಿ ಕೇಳಬೇಕಾದದ್ದು ‘ಎಷ್ಟು ದೂರ’ ಅಂತ ಅಲ್ಲ, ‘ಎಷ್ಟು ಎತ್ತರ’ ಅಂತ. ಇದೇ ಪ್ರಶ್ನೆಯನ್ನು ವಾರಕ್ಕೊಬ್ಬರಾದರೂ ನನ್ನನ್ನು ಕೇಳುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ನಾನು ಪಾಠ ಕಲಿತ ದಿನದ ಮಾತು. ಸೈಕಲ್ ಹೊಸದು. ನಮ್ಮೂರು ಚಿಕ್ಕಮಗಳೂರಿನಿಂದ ಅಯ್ಯನಕೆರೆಗೆ ಹೊರಟೆ, ಸಖರಾಯಪಟ್ಟಣದ ಕಡೆಗೆ, ಸುಮಾರು 20 ಕಿಲೋಮೀಟರ್. ಹೋಗುವಾಗ ಹೂವು ಎತ್ತಿದ ಹಾಗೆ ಹೋಯಿತು. ಕೆರೆ ಏರಿ ಮೇಲೆ ನಿಂತು ನೋಡಿದರೆ ಬ್ಯಾಟರಿಯ ಐದು ಗೆರೆಯಲ್ಲಿ ನಾಲ್ಕು ಹಾಗೇ ಇವೆ. ಇನ್ನೇನು ಭಯ ಅಂತ ಶಕುನಗಿರಿಯ ನೆರಳು ನೀರಿನಲ್ಲಿ ಉದ್ದವಾಗುವ ತನಕ ಕೂತೆ. ವಾಪಸು ಬರುವಾಗ ಒಂದೊಂದೇ ಗೆರೆ ಆರುತ್ತಾ ಬಂತು. ಊರು ಇನ್ನೂ ಆರು ಕಿಲೋಮೀಟರ್ ಇದೆ ಅನ್ನುವಾಗ ಮೋಟಾರ್ ನಿಂತಿತು. 25 ಕೆ.ಜಿ. ಸೈಕಲ್ಲನ್ನು ತಳ್ಳಿಕೊಂಡು ಹೊರಟೆ. ಬಾಳೆಗೊನೆ ಇಳಿಸಿ ಬರುತ್ತಿದ್ದ ಗೂಡ್ಸ್ ಆಟೋದವರು ನಿಲ್ಲಿಸಿ ಹತ್ತಿಸಿಕೊಂಡರು. ನನ್ನ ಕತೆ ಕೇಳಿ ಅವರು ಅಂದದ್ದು ಇಷ್ಟೇ: “ನೀರು ಅತ್ಲಾಗ್ ಹರೀತದೆ ಅಂದ್ಮೇಲೆ ನೀವು ಇತ್ಲಾಗ್ ಬರೋದು ಏರೇ ಅಲ್ವಾ?”

ಆ ಮಾತಿನಲ್ಲಿ ಇಡೀ ಭೂಗೋಳ ಇದೆ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ಯಗಚಿ ಚಿಕ್ಕಮಗಳೂರಿನ ಕಡೆ ಇಳಿದು, ಬೇಲೂರು ಹಾದು, ಹೇಮಾವತಿ ಸೇರುತ್ತಾಳೆ. ಅಂದರೆ ಕಾವೇರಿ. ಅದೇ ಶ್ರೇಣಿಯ ವೇದಾ ಹೊಳೆ ಅಯ್ಯನಕೆರೆ ತುಂಬಿಸಿ ಮುಂದಕ್ಕೆ ಹೋಗುತ್ತದೆ. ಮದಗದ ಕೆರೆಯಿಂದ ಬರುವ ಆವತಿಯ ಜೊತೆ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ, ಕೊನೆಗೆ ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಸೇರುತ್ತದೆ. ಹಾಗಾಗಿ ಚಿಕ್ಕಮಗಳೂರಿನಿಂದ ಅಯ್ಯನಕೆರೆಗೆ ಹೋಗುವವರು ಗೊತ್ತಿಲ್ಲದೆಯೇ ಕಾವೇರಿ ಬಯಲನ್ನು ಬಿಟ್ಟು ಕೃಷ್ಣೆಯ ಬಯಲಿಗೆ ಇಳಿದಿರುತ್ತಾರೆ. ಬಸ್ಸಿನಲ್ಲಿ ಕೂತರೆ ಇದು ತಿಳಿಯುವುದೇ ಇಲ್ಲ. ಸೈಕಲ್ಲಿನಲ್ಲಿ ತೊಡೆಗೆ ತಿಳಿಯುತ್ತದೆ, ಅದೂ ಮರಳಿ ಬರುವಾಗ. ನನಗಂತೂ ಈ ಪ್ರವಾಸದಲ್ಲಿ ಅತಿ ಇಷ್ಟವಾದ ಸಂಗತಿ ಇದೇ.

ಈಗ ನಿಮ್ಮ ಬ್ಯಾಟರಿ ಲೆಕ್ಕ. ಬ್ಯಾಟರಿ ಮೇಲೆ ವೋಲ್ಟ್, ಆಂಪಿಯರ್ ಅವರ್ ಎರಡೂ ಅಚ್ಚಾಗಿರುತ್ತವೆ. ಗುಣಿಸಿ. 36 ವೋಲ್ಟ್, 10 ಆಂಪಿಯರ್ ಅವರ್ ಆದರೆ 360 ವ್ಯಾಟ್ ಅವರ್. ನಿಮ್ಮ ಟ್ಯಾಂಕಿನಲ್ಲಿರುವ ಪೆಟ್ರೋಲ್ ಇದೇ ಅಂದುಕೊಳ್ಳಿ. ಸವಾರ, ಸೈಕಲ್, ನೀರಿನ ಬಾಟಲಿ, ಚೀಲ ಎಲ್ಲ ಸೇರಿ 100 ಕೆ.ಜಿ. ಎಂದಿಟ್ಟುಕೊಂಡರೆ, ಆ ಭಾರವನ್ನು 100 ಮೀಟರ್ ಮೇಲಕ್ಕೆ ಎತ್ತಲು 27 ವ್ಯಾಟ್ ಅವರ್ ಬೇಕು. ಮೋಟಾರು ಬಿಸಿಯಾಗಿ ಕಳೆಯುವುದನ್ನೂ ಸೇರಿಸಿದರೆ ಸುಮಾರು 35. ಇದೊಂದು ಅಂಕಿ ನೆನಪಿದ್ದರೆ ಸಾಕು: ನೂರು ಮೀಟರ್ ಏರಿಗೆ ಮೂವತ್ತೈದು.

ಮುಳ್ಳಯ್ಯನಗಿರಿಗೆ ಹಾಕಿ ನೋಡಿ. ಶಿಖರ 1,930 ಮೀಟರ್, ನಮ್ಮ ರಾಜ್ಯದಲ್ಲೇ ಅತಿ ಎತ್ತರ. ಊರು ಇರುವುದು ಸಾವಿರ ಮೀಟರಿಗಿಂತ ತುಸು ಮೇಲೆ. ಹತ್ತಿರಹತ್ತಿರ 850 ಮೀಟರ್ ಏರು. ಎಲ್ಲವನ್ನೂ ಮೋಟಾರಿಗೇ ಬಿಟ್ಟರೆ ಬರೀ ಎತ್ತರಕ್ಕೆ 300 ವ್ಯಾಟ್ ಅವರ್ ಹೋಯಿತು. 20 ಕಿಲೋಮೀಟರ್ ದಾರಿಯ ಟೈರಿನ ಘರ್ಷಣೆ ಬೇರೆ. 360ರ ಬ್ಯಾಟರಿ ಅಲ್ಲಿಗೆ ಖಾಲಿ. ಸಣ್ಣ ಬ್ಯಾಟರಿಯಾದರೆ ದಾರಿಯಲ್ಲಿ ಸಿಗುವ ಕೈಮರ ಎಂಬ ಜಾಗ ದಾಟಿ, ಏರು ಬಿಗಿಯಾದ ಮೇಲೆ ಎಲ್ಲೋ ಕೈ ಚೆಲ್ಲುತ್ತದೆ. ಆದರೆ ನಿಮ್ಮ ಕಾಲೂ ಒಂದು ಮೋಟಾರೇ. ರೂಢಿ ಇರುವವರು ಏದುಸಿರಿಲ್ಲದೆ ತಾಸಿಗೆ 75 ವ್ಯಾಟ್ ಅವರ್ ಕೊಡಬಲ್ಲರು. ಎರಡು ತಾಸಿಗೆ 150. ಅರ್ಧ ಭಾರ ನೀವು ಹೊತ್ತರೆ ಬ್ಯಾಟರಿಯಲ್ಲಿ ಅರ್ಧ ಉಳಿಯುತ್ತದೆ.

ವೇಗದ್ದೂ ಒಂದು ಲೆಕ್ಕವಿದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನೂರು ಮೀಟರ್ ಹೋದರೆ ಎಂಟು ಮೀಟರ್ ಏರುವ ದಾರಿಯಲ್ಲಿ ತಾಸಿಗೆ 8 ಕಿಲೋಮೀಟರ್ ವೇಗಕ್ಕೆ ಸುಮಾರು 200 ವ್ಯಾಟ್ ಶಕ್ತಿ ಸಾಕು. 15ರ ವೇಗ ಬೇಕೆಂದರೆ 380ರ ಹತ್ತಿರ ಬೇಕು. ನಮ್ಮಲ್ಲಿ ಲೈಸೆನ್ಸ್, ನೋಂದಣಿ ಬೇಡದ ಎಲೆಕ್ಟ್ರಿಕ್ ಸೈಕಲ್ಲಿನ ಮೋಟಾರ್ 250 ವ್ಯಾಟ್ ಒಳಗೇ ಇರಬೇಕು, ವೇಗ ತಾಸಿಗೆ 25 ಕಿಲೋಮೀಟರ್ ದಾಟಬಾರದು ಎಂಬುದು ಕೇಂದ್ರದ ಮೋಟಾರು ವಾಹನ ನಿಯಮ. ಹಾಗಾಗಿ ಏರಿನಲ್ಲಿ ಅವಸರ ಮಾಡಿದರೆ ಮೋಟಾರ್ ತನ್ನ ಮಿತಿಗೆ ಮುಟ್ಟಿ ಕಾಯುತ್ತದೆ. ಮುಟ್ಟಿ ನೋಡಿದರೆ ಕೈ ಸುಡುವಷ್ಟು ಬಿಸಿಯಾಗಿದ್ದೂ ಉಂಟು. ಬಾಡಿಗೆಗೆ ಸಿಗುವ ಬಹುಪಾಲು ಸೈಕಲ್ಲುಗಳಲ್ಲಿ ಮೋಟಾರ್ ಹಿಂದಿನ ಚಕ್ರದ ನಡುವೆ ಇರುತ್ತದೆ. ಅಂಥದ್ದಕ್ಕೆ ಚಕ್ರ ನಿಧಾನವಾಗಿ ತಿರುಗುವ ಕಡಿದಾದ ಏರೇ ಶತ್ರು. ಪೆಡಲಿನ ಹತ್ತಿರವೇ ಮೋಟಾರ್ ಇರುವ ಸೈಕಲ್ಲು ಗೇರುಗಳನ್ನು ಬಳಸಿಕೊಳ್ಳುವುದರಿಂದ ಘಾಟಿಗೆ ಹೇಳಿ ಮಾಡಿಸಿದ್ದು, ಆದರೆ ದುಬಾರಿ. ಬುಕ್ ಮಾಡುವ ಮೊದಲು ಯಾವುದು ಅಂತ ಕೇಳಿ.

ಮೊಣಕಾಲಿನ ವಿಷಯಕ್ಕೆ ಬರುತ್ತೇನೆ. ನೋವು ಈಗಲೂ ಇದ್ದರೆ ಮೊದಲು ನಿಮ್ಮ ಡಾಕ್ಟರ ಮಾತು ಕೇಳಿ. ಅವರು ಸರಿ ಅಂದರೆ ಎರಡು ವಿಷಯ ನೋಡಿಕೊಳ್ಳಿ. ಸೀಟು ತಗ್ಗಿದ್ದರೆ ಮಂಡಿ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಭಾರವೆಲ್ಲ ಚಿಪ್ಪಿನ ಮೇಲೆ ಬೀಳುತ್ತದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ತಳಕ್ಕೆ ತಂದಾಗ ಕಾಲು ನೇರವಾಗುವಷ್ಟು ಸೀಟು ಎತ್ತರಿಸಿಕೊಳ್ಳಿ. ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಮುಟ್ಟದೆ ಮೊದಲು ಹೆದರಿಕೆಯಾಗುತ್ತದೆ, ಹತ್ತು ನಿಮಿಷದಲ್ಲಿ ಹೋಗುತ್ತದೆ. ಎರಡನೆಯದು, ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಒತ್ತಿ ಒತ್ತಿ ತುಳಿಯುವುದಕ್ಕಿಂತ ಹಗುರವಾಗಿ, ಚುರುಕಾಗಿ ತುಳಿಯುವುದು ಮಂಡಿಗೂ ಹಿತ, ಮೋಟಾರಿಗೂ ಹಿತ.

ಏರಿನ ತಿರುವಿನಲ್ಲಿ ನಿಂತು ಮತ್ತೆ ಹೊರಡುವುದು ಹೊಸಬರಿಗೆ ಎಲ್ಲಕ್ಕಿಂತ ಕಷ್ಟ. ಪೆಡಲ್ ಒಂದು ಸುತ್ತು ತಿರುಗಿದ ಮೇಲೆ ಮೋಟಾರ್ ಎಚ್ಚರಾಗುವ ಸೈಕಲ್ಲೇ ಹೆಚ್ಚು. ಆ ಒಂದು ಸುತ್ತನ್ನೇ ಏರು ಬಿಡುವುದಿಲ್ಲ, ಸೈಕಲ್ ಹಿಂದಕ್ಕೆ ಜಾರುತ್ತದೆ. ತುಳಿಯದೆಯೇ ಮೋಟಾರ್ ಓಡಿಸುವ ಹ್ಯಾಂಡಲ್ಲಿನ ಹಿಡಿ, ಅಂದರೆ ಥ್ರಾಟಲ್, ಇರುವುದು ಇಂಥ ಹೊತ್ತಿಗೇ. ಮೆಲ್ಲಗೆ ತಿರುಗಿಸಿ ಹೊರಟು, ಸಮತೋಲ ಬಂದ ಮೇಲೆ ತುಳಿಯಿರಿ. ದಿನವಿಡೀ ಥ್ರಾಟಲ್ ಹಿಡಿದುಕೊಂಡೇ ಹೋಗುವವರ ಬ್ಯಾಟರಿ ಮಾತ್ರ ಮಧ್ಯಾಹ್ನದ ಊಟಕ್ಕೂ ಮೊದಲೇ ಮುಗಿಯುತ್ತದೆ. ಇನ್ನೊಂದು: ಏರಿನಲ್ಲಿ ಗೆರೆಗಳು ದಿಢೀರ್ ಇಳಿದು, ಸಮತಟ್ಟಿಗೆ ಬಂದಾಗ ಮತ್ತೆ ಒಂದು ಗೆರೆ ಮೇಲೇರಿದರೆ ಗಾಬರಿಯಾಗಬೇಡಿ. ಭಾರ ಬಿದ್ದಾಗ ವೋಲ್ಟೇಜ್ ಕುಗ್ಗುವುದರಿಂದ ಹಾಗೆ ತೋರುತ್ತದೆ. ಸಮತಟ್ಟಿನಲ್ಲಿ ನಿಂತು ಎರಡು ನಿಮಿಷ ಬಿಟ್ಟು ನೋಡಿದ ಗೆರೆಯೇ ನಂಬಿಕಸ್ತ.

ಇಷ್ಟೆಲ್ಲ ಏರಿನ ಮಾತಾಯಿತು. ನನಗೆ ನಿಜವಾದ ಭಯ ಇರುವುದು ಇಳಿಜಾರಿನದು. ಗಿರಿಯಿಂದ ಇಳಿಯುವಾಗ ಬ್ಯಾಟರಿ ಮತ್ತೆ ತುಂಬುತ್ತದೆ ಎಂದು ಹಲವರು ನಂಬಿದ್ದಾರೆ. ಬಾಡಿಗೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ, ಹತ್ತುವಾಗ ಸೇರಿದ ಶಕ್ತಿಯೆಲ್ಲ ಇಳಿಯುವಾಗ ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ಮಾಮೂಲಿ ಸೈಕಲ್ಲಿಗಿಂತ ಇದು ಭಾರ ಬೇರೆ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದುಕೊಂಡು ಇಳಿಯಬಾರದು. ತಿರುವಿಗೆ ಮೊದಲೇ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಬಿಟ್ಟು, ತಣ್ಣಗಾಗಲು ಬಿಡಬೇಕು. ಅರ್ಧ ದಾರಿಯಲ್ಲಿ ಒಮ್ಮೆ ನಿಲ್ಲಿ. ಡಿಸ್ಕನ್ನು ಮಾತ್ರ ಮುಟ್ಟಿ ನೋಡಬೇಡಿ. ಹೊರಡುವ ಮೊದಲು ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ನಿಮ್ಮ ಕಣ್ಣಲ್ಲೇ ನೋಡಿ. ಲಿವರ್ ಹ್ಯಾಂಡಲ್ಲಿಗೆ ತಾಗುವಷ್ಟು ಸಡಿಲವಿದ್ದರೆ ಆ ಸೈಕಲ್ ಬೇಡ ಎನ್ನಿ. ಸಂಕೋಚ ಪಡಬೇಡಿ. ಒಮ್ಮೆ ನಮ್ಮ ತಂಡದ ಹುಡುಗನೊಬ್ಬ ಸಂಕೋಚಪಟ್ಟು ಸುಮ್ಮನಿದ್ದು, ತಿರುವಿನಲ್ಲಿ ಚರಂಡಿಗೆ ಇಳಿದ. ಮೊಣಕೈ ತರಚಿದ್ದಷ್ಟೇ, ಎದುರು ಜೀಪು ಬಂದಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದ್ದರಿಂದ ನಿಮ್ಮಂಥವರಿಗೆ ಮೊದಲ ದಿನ ನಾನು ಗಿರಿ ಹೇಳುವುದಿಲ್ಲ. ಹಿರೇಕೊಳಲೆ ಕೆರೆಗೆ ಹೋಗಿ. ಊರಿನಿಂದ ಸುಮಾರು 10 ಕಿಲೋಮೀಟರ್, ತೋಟಗಳ ನಡುವಿನ ಕಿರಿದಾದ ರಸ್ತೆ, ಏರಿಳಿತ ಉಂಟು, ಘಾಟಿ ಇಲ್ಲ. ಊರಿನ ನಲ್ಲಿಗೂ ನೀರು ಕೊಡುವ ಕೆರೆ ಅದು. ಇಳಿದು ಕೈಕಾಲು ತೊಳೆಯುವುದು, ಊಟದ ಪೊಟ್ಟಣ ಬಿಸಾಡುವುದು ಬೇಡ. ಬೆಳಿಗ್ಗೆ ಮಂಜು ಏಳುವ ಹೊತ್ತಿಗೆ ಏರಿ ಮೇಲಿದ್ದರೆ ನೀರಿನಾಚೆ ಗಿರಿಸಾಲು ಒಂದೊಂದೇ ಪದರವಾಗಿ ಕಾಣಿಸಿಕೊಳ್ಳುತ್ತದೆ. ಎರಡನೆಯ ದಿನ ಅಯ್ಯನಕೆರೆ. ಸಖರಾಯಪಟ್ಟಣದ ರುಕ್ಮಾಂಗದ ರಾಯ ಕಟ್ಟಿಸಿದ ಎಂಬ ಐತಿಹ್ಯ, 1156ರಲ್ಲಿ ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾಯಿತೆಂಬ ಚರಿತ್ರೆ, ಎರಡೂ ಇರುವ ಕೆರೆ. ಇಲ್ಲಿ ನನ್ನ ತಪ್ಪು ನೀವು ಮಾಡಬೇಡಿ. ಹೋಗುವಾಗ ಮೋಟಾರನ್ನು ಆದಷ್ಟು ಆರಿಸಿಡಿ, ಬರುವ ದಾರಿಗೆ ಅರ್ಧಕ್ಕಿಂತ ಹೆಚ್ಚು ಉಳಿಸಿ. ಇಲ್ಲವೇ ಚಾರ್ಜರ್ ಜೊತೆಗಿರಲಿ. ಖಾಲಿ ಬ್ಯಾಟರಿ ತುಂಬಲು ನಾಲ್ಕೈದು ತಾಸು ಬೇಕು ನಿಜ, ಆದರೆ ಊಟ, ಸ್ವಲ್ಪ ವಿಶ್ರಾಂತಿ ಅಂತ ಎರಡು ತಾಸು ಹಾಕಿದರೂ ಮನೆ ಮುಟ್ಟುವಷ್ಟು ಸಿಗುತ್ತದೆ.

ಗಿರಿಯ ದಾರಿಯ ಒಳ್ಳೆಯ ಗುಣ ಇದಕ್ಕೆ ತಿರುಗುಮುರುಗು: ಏರು ಮೊದಲು, ಇಳಿಜಾರು ಆಮೇಲೆ. ಅಲ್ಲಿ ಬ್ಯಾಟರಿ ಮುಗಿದರೆ ತಿರುಗಿಸಿಕೊಂಡು ಇಳಿದು ಬಂದರಾಯಿತು. ಅದು ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ. ಮೋಟಾರ್ ನಿಂತರೂ ಅದು ಸೈಕಲ್ಲೇ, ಬ್ರೇಕೂ ಪೆಡಲೂ ಕೆಲಸ ಮಾಡುತ್ತವೆ. ಏರಿನ ಬುಡದಲ್ಲಿ ಮುಗಿದರೆ ಮಾತ್ರ ಕಷ್ಟ. ಮೂರನೆಯ ದಿನ ಮೈ ಹದಕ್ಕೆ ಬಂದಿದ್ದರೆ, ಶನಿವಾರ ಭಾನುವಾರ ಬಿಟ್ಟು, ಬೆಳಿಗ್ಗೆ ಬೇಗ ಗಿರಿಗೆ ಹೋಗಿ. ರಜಾದಿನ ಆ ದಾರಿ ಕಾರುಗಳದ್ದು.

ಗೈಡ್ ಬೇಕೇ ಎಂದರೆ, ಬೇಕು. ದಾರಿ ತೋರಿಸುವುದಕ್ಕಲ್ಲ, ದಾರಿ ಫೋನಿನಲ್ಲೂ ಇದೆ. ಒಳ್ಳೆಯ ಗೈಡ್ ತಂಡದ ಅತಿ ನಿಧಾನದವರ ವೇಗಕ್ಕೆ ಎಲ್ಲರನ್ನೂ ಕಟ್ಟಿಹಾಕುತ್ತಾರೆ. ಮುಂದೊಬ್ಬರು, ಕಟ್ಟಕಡೆಗೆ ಒಬ್ಬರು ಇರುತ್ತಾರೆ. ಚೀಲದಲ್ಲಿ ಟ್ಯೂಬ್, ಪಂಪ್, ಸ್ಪ್ಯಾನರ್ ಇರುತ್ತದೆ: ಮೋಟಾರ್ ಇರುವ ಹಿಂದಿನ ಚಕ್ರ ಬಿಚ್ಚುವುದಕ್ಕೆ ವೈರಿನ ಜೋಡಣೆ ಗೊತ್ತಿರಬೇಕು, ರಸ್ತೆ ಬದಿಯ ಪಂಕ್ಚರ್ ಅಂಗಡಿಯವರು ಅದಕ್ಕೆ ಕೈ ಹಾಕಲು ಹಿಂಜರಿಯುತ್ತಾರೆ. ಯಾವ ತೋಟದಲ್ಲಿ ಒಳಗೆ ಬಿಡುತ್ತಾರೆ, ಯಾವ ದಾರಿ ಖಾಸಗಿ ಎಂಬುದೂ ಅವರಿಗೆ ಗೊತ್ತು. ಎಲ್ಲಕ್ಕಿಂತ ಮುಖ್ಯ, ಆನೆಯ ಸುದ್ದಿ. ಆಲ್ದೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಈ ಸೈಕಲ್ಲಿಗೆ ಸದ್ದಿಲ್ಲ, ನಾವು ಹತ್ತಿರ ಹೋಗುವ ತನಕ ಪ್ರಾಣಿಗೆ ತಿಳಿಯುವುದೇ ಇಲ್ಲ, ಬೆದರಿದರೆ ಕಷ್ಟ. ಮುಂಜಾವಿನ ಕತ್ತಲಲ್ಲಿ, ಸಂಜೆ ಹೊತ್ತು ಮುಳುಗಿದ ಮೇಲೆ ಆ ದಾರಿಗಳಲ್ಲಿ ಕರೆದೊಯ್ಯುತ್ತೇನೆ ಎನ್ನುವ ಗೈಡ್ ಬೇಡವೇ ಬೇಡ.

ಗೈಡನ್ನು ಫೋನಿನಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: “ಒಟ್ಟು ಎಷ್ಟು ಮೀಟರ್ ಏರು ಬರುತ್ತದೆ, ಬ್ಯಾಟರಿ ಎಷ್ಟು ವ್ಯಾಟ್ ಅವರ್?” ತಡವರಿಸದೆ ಹೇಳಿದರೆ ಅವರು ಆ ದಾರಿಯಲ್ಲಿ ಹೋದವರು.

ಯಾವಾಗ ಬರಬೇಕು? ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ಪಾಚಿ ಹಿಡಿದ ರಸ್ತೆ, ಇಂಬಳ, ಗಾಳಿಗೆ ಬೀಳುವ ಮರ, ಕರೆಂಟು ಹೋದರೆ ಚಾರ್ಜೂ ಇಲ್ಲ. ನವೆಂಬರ್‌ನಿಂದ ಜನವರಿಗೆ ಅರೇಬಿಕಾ ಕೊಯ್ಲು, ಕಣದ ತುಂಬ ಹಣ್ಣು ಹರಡಿರುತ್ತದೆ. ಕೂಲಿ ಜನ ತುಂಬಿದ ಜೀಪುಗಳಿಗೆ ಅವಸರ ಇರುತ್ತದೆ, ಕೆಳಗಿಳಿದು ದಾರಿ ಬಿಡಿ. ನನ್ನನ್ನು ಕೇಳಿದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲು. ಕಾಫಿ ಹೂವನ್ನು ಅರಳಿಸುವ ಬೇಸಿಗೆ ಮಳೆಗೆ ಇಲ್ಲಿ ಹೂಮಳೆ ಅನ್ನುತ್ತಾರೆ. ಅದು ಬಿದ್ದು ಒಂದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನವಷ್ಟೇ. ಕಾರಿನ ಗಾಜಿನೊಳಗೆ ಬಾರದ ಆ ಮಲ್ಲಿಗೆಯಂಥ ಘಮ ಏರಿನಲ್ಲಿ ನಿಧಾನ ತುಳಿಯುವವರಿಗೆ ತಿರುವು ತಿರುವಿಗೂ ಸಿಗುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಹನ್ನೊಂದರೊಳಗೆ ಮನೆ ಸೇರುವ ಹಾಗೆ ಹೊರಡಿ. ಹೂಮಳೆ ಬಿದ್ದ ದಿನ ಯಾರಾದರೂ ತೋಟದವರಿಗೆ ಫೋನು ಮಾಡಿ ತಿಳಿದುಕೊಂಡು, ಅಲ್ಲಿಂದ ದಿನ ಎಣಿಸಿ ರಜೆ ಹಾಕಿ.