ಇಪ್ಪತ್ತು ಮಾರು ನೀರಿನಲ್ಲಿದ್ದೇವೆ, ಸಾಹೇಬ್ರೆ

ಮುಂಬೈನ ವರ್ಲಿಯಲ್ಲಿರುವ ಕೋಸ್ಟ್ ಗಾರ್ಡ್ ಕಂಟ್ರೋಲ್ ರೂಮಿನಲ್ಲಿ ನನಗೆ ಆವತ್ತು ರಾತ್ರಿ ಪಾಳಿ. ಗೋವಾ ಬೋಟಿನ ತಾಂಡೇಲನೊಬ್ಬ, ಅಂದರೆ ಬೋಟು ನಡೆಸುವವನು, ಫೋನ್ ಮಾಡಿದ. ಹಿಂದಿಯಲ್ಲಿ ಶುರು ಮಾಡಿದವನು ಗಾಬರಿಯಲ್ಲಿ ಕನ್ನಡಕ್ಕೆ ಬಂದ. ಅಂಕೋಲಾ ಕಡೆಯವನು. "ಫ್ಯಾನಿಗೆ (ಪ್ರೊಪೆಲ್ಲರಿಗೆ) ಬಲೆ ಸುತ್ತಿದೆ, ನೀರು ಒಳಗೆ ಬರ್ತಾ ಇದೆ. ಇಪ್ಪತ್ತು ಮಾರು ನೀರಿನಲ್ಲಿದ್ದೇವೆ, ಸಾಹೇಬ್ರೆ."

ಇಪ್ಪತ್ತು ಮಾರು ಅಂದರೆ ಸುಮಾರು 36 ಮೀಟರ್ ಆಳ. ಮೀನುಗಾರರಿಗೆ ಅದೇ ವಿಳಾಸ. ಆದರೆ ಅಷ್ಟು ಆಳ ಕರಾವಳಿಗುದ್ದಕ್ಕೂ ಸಿಗುತ್ತದೆ. ಎಲ್ಲಿ ಅಂತ ಹುಡುಕೋದು? "ಜಿಪಿಎಸ್ ನೋಡು ತಮ್ಮಾ, ಮೇಲಿನ ಸಾಲು ಓದು" ಎಂದೆ. "ಹದಿನೈದು, ಇಪ್ಪತ್ತೆರಡು..." ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು.

ಅಷ್ಟೇ ಸಾಕಾಯಿತು. ಮೇಲಿನ ಸಾಲು ಅಕ್ಷಾಂಶ. 15 ಡಿಗ್ರಿ 22 ಮಿನಿಟ್ ಅಂದರೆ ಗೋವಾದ ಮುರಗಾವ್ ಎದುರಿಗೆ. ಚಾರ್ಟ್ ಮೇಲೆ ಆ ಗೆರೆ ಇಪ್ಪತ್ತು ಮಾರಿನ ಗೆರೆಯನ್ನು ಎಲ್ಲಿ ದಾಟುತ್ತದೋ ಅಲ್ಲೇ ಬೋಟು. ಗೋವಾ ಕೇಂದ್ರಕ್ಕೆ ಹೇಳಿದೆವು, ರೇಡಿಯೊದ ಚಾನೆಲ್ 16ರಲ್ಲಿ ಅಕ್ಕಪಕ್ಕದ ಬೋಟುಗಳಿಗೂ ಕೂಗಿಸಿದೆವು. ನಮ್ಮ ಹಡಗಿಗಿಂತ ಮೊದಲು ತಲುಪಿದ್ದು ಇನ್ನೊಂದು ಟ್ರಾಲ್ ಬೋಟೇ. ಸಮುದ್ರದಲ್ಲಿ ಹಾಗಾಗೋದು ಜಾಸ್ತಿ. ಎಷ್ಟೋ ಸಲ ನಮ್ಮ ಕೆಲಸ ಹತ್ತಿರದವರನ್ನು ಎಬ್ಬಿಸೋದು.

ಈಗ ನಿವೃತ್ತನಾಗಿ ಗೋವಾದ ವಾಸ್ಕೋದಲ್ಲಿದ್ದೇನೆ. ಇಲ್ಲಿನ ಕನ್ನಡದವರು ಕೇಳುವ ಮೊದಲ ಪ್ರಶ್ನೆ: "ನೀವು ನೇವಿಯವರಲ್ವಾ?" ಅಲ್ಲ. ನೇವಿಯದು ಬೂದು ಹಡಗು, ನಮ್ಮದು ಬಿಳಿ ಹಡಗು, ಮೈಮೇಲೆ ಓರೆ ಪಟ್ಟೆ. ಇಬ್ಬರೂ ರಕ್ಷಣಾ ಸಚಿವಾಲಯದ ಕೆಳಗೇ ಇದ್ದೇವೆ. ಆದರೆ ನಾವು ಹುಟ್ಟಿದ್ದು ಯುದ್ಧಕ್ಕಲ್ಲ. ನನ್ನ ಲೆಕ್ಕದಲ್ಲಿ ನಮ್ಮನ್ನು ಹುಟ್ಟಿಸಿದ್ದು ಮುಂಬೈ ಸಮುದ್ರ.

ಎಪ್ಪತ್ತರ ದಶಕದಲ್ಲಿ ಚಿನ್ನ, ವಾಚು, ಟ್ರಾನ್ಸಿಸ್ಟರ್ ತುಂಬಿದ ದೋಣಿಗಳು ಕೊಲ್ಲಿ ದೇಶಗಳಿಂದ ಈ ದಡಕ್ಕೆ ಬರುತ್ತಿದ್ದವು. ಕಸ್ಟಮ್ಸಿನವರಿಗೆ ಅವನ್ನು ಬೆನ್ನಟ್ಟುವ ಬಲ ಇರಲಿಲ್ಲ. 1974ರಲ್ಲಿ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿತು. ನಡುನೀರಿನ ಆ ಕಬ್ಬಿಣದ ಅಟ್ಟಗಳನ್ನು ಕಾಯುವವರು ಬೇಕಾದರು. 1976ರ ಕಾಯ್ದೆ 200 ನಾಟಿಕಲ್ ಮೈಲಿವರೆಗಿನ ಮೀನು, ಖನಿಜದ ಹಕ್ಕು ನಮ್ಮದು ಎಂದಿತು. ಇದಕ್ಕೆಲ್ಲ ಯುದ್ಧನೌಕೆ ಬಿಡೋದು ಅಂದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಖರ್ಚೂ ದಂಡ, ನೇವಿಯ ತಯಾರಿಗೂ ಪೆಟ್ಟು.

1974ರಲ್ಲಿ ಸರ್ಕಾರ ಕೆ.ಎಫ್. ರುಸ್ತಮ್‌ಜಿ ಸಮಿತಿ ಮಾಡಿತು. ಗಡಿ ಭದ್ರತಾ ಪಡೆ ಬಿಎಸ್‌ಎಫ್ ಕಟ್ಟಿದವರು ಅವರೇ. ನೆಲದ ಗಡಿ ಕಾಯಿಸಿದವರ ಕೈಗೇ ನೀರಿನ ಗಡಿಯ ಪ್ರಶ್ನೆ ಬಂತು. ಬೇರೆ ಪಡೆಯೇ ಬೇಕು ಎಂದರು. 1977ರ ಫೆಬ್ರವರಿ 1ರಂದು ನೇವಿ ಕೊಟ್ಟ 2 ಫ್ರಿಗೇಟ್, 5 ಗಸ್ತು ದೋಣಿಗಳೊಂದಿಗೆ ಸಂಸಾರ ಶುರುವಾಯಿತು. ಕೋಸ್ಟ್ ಗಾರ್ಡ್ ಕಾಯ್ದೆ ಬಂದಿದ್ದು 1978ರ ಆಗಸ್ಟ್‌ನಲ್ಲಿ. ಅದರ 14ನೇ ಕಲಮಿನಲ್ಲಿ ನಮ್ಮ ಕೆಲಸದ ಪಟ್ಟಿಯಿದೆ: ಎಣ್ಣೆ ಬಾವಿ, ಮೀನುಗಾರರು, ಸಮುದ್ರದ ಕೊಳೆ, ಕಸ್ಟಮ್ಸಿಗೆ ನೆರವು. ಮೊದಲ ಮಹಾನಿರ್ದೇಶಕರು ನೇವಿಯ ವೈಸ್ ಅಡ್ಮಿರಲ್ ವಿ.ಎ. ಕಾಮತ್. ನಮ್ಮೊಳಗೇ ಬೆಳೆದ ಅಧಿಕಾರಿ ಆ ಕುರ್ಚಿಗೆ ಬಂದಿದ್ದು 2016ರಲ್ಲಿ, ರಾಜೇಂದ್ರ ಸಿಂಗ್. ಸುಮ್ನೆ ಹೇಳುತ್ತಿಲ್ಲ, ಆವತ್ತು ನಮಗೆಲ್ಲ ಮನೆ ಹಬ್ಬ. ನಡುವೆ 2008ರ ಮುಂಬೈ ದಾಳಿ ಆಯಿತು. ಆಮೇಲೆ ದಡದ ಹತ್ತಿರದ ನೀರಿನ ಭದ್ರತೆಯ ಹೊಣೆಯೂ ಹೆಗಲೇರಿತು.

ದಿಲ್ಲಿಯಲ್ಲಿ ಮುಖ್ಯ ಕಚೇರಿ, ಕೆಳಗೆ ಪ್ರಾದೇಶಿಕ ಕಚೇರಿಗಳು, ಅವುಗಳ ಕೆಳಗೆ ಜಿಲ್ಲಾ ಕಚೇರಿಗಳು. ಗೋವಾ, ಮಂಗಳೂರು ಎರಡೂ ಮುಂಬೈ ಕೈಕೆಳಗೇ. ಕಾರವಾರದ ಬೋಟು ಗೋವಾ ನೀರಲ್ಲಿ ಕೆಟ್ಟರೆ ಯಾರಿಗೆ ಹೇಳಬೇಕು ಅಂತ ವಾಸ್ಕೋದ ಖಾರಿವಾಡಾ ಜೆಟ್ಟಿಯಲ್ಲಿ ಪ್ರತಿ ವರ್ಷ ಕೇಳುತ್ತಾರೆ. ಕೋಸ್ಟ್ ಗಾರ್ಡ್ ಸಹಾಯವಾಣಿ 1554 ಒತ್ತಿ, ಸಾಕು. ರಾಜ್ಯ ಯಾವುದು ಅಂತ ಅಲ್ಲಿ ಯಾರೂ ಕೇಳಲ್ಲ. ಫೋನ್ ಸಿಗದಷ್ಟು ದೂರ ಹೋದರೆ ಚಾನೆಲ್ 16. ಅದರಲ್ಲಿ ಊರ ಸುದ್ದಿ ಮಾತಾಡಬೇಡಿ ಮಾರಾಯ್ರೆ, ಅಪಾಯದ ಕರೆಗೆ ಜಾಗ ಇರಲಿ.

ಇನ್ನೊಂದು ಡಿಎಟಿ ಅನ್ನುವ, ಅಪಾಯದ ಕರೆ ಕಳಿಸುವ ಡಬ್ಬಿ, ಇಸ್ರೋ ತಯಾರಿ. ಗುಂಡಿ ಒತ್ತಿದರೆ ಬೋಟಿನ ಗುರುತು, ಜಾಗ ಎರಡೂ ಉಪಗ್ರಹದ ಮೂಲಕ ಬೆಂಗಳೂರಿಗೆ ಹೋಗಿ ಅಲ್ಲಿಂದ ನಮ್ಮವರಿಗೆ ಬರುತ್ತವೆ. ಮಾರು ಲೆಕ್ಕ ಹಾಕುವ ಪರದಾಟವೇ ಇಲ್ಲ. ಒಂದು ಜುಲೈಯಲ್ಲಿ, ಮೀನುಗಾರಿಕೆ ರಜೆ ಮುಗಿಯುವ ಮೊದಲು, ಬೋಟಿನ ಯಜಮಾನರೊಬ್ಬರನ್ನು "ಡಬ್ಬಿ ಎಲ್ಲಿ?" ಎಂದು ಕೇಳಿದೆ. "ಮನೇಲಿ, ಕಪಾಟಿನಲ್ಲಿ. ಸಮುದ್ರದಲ್ಲಿ ಕಳೆದುಹೋದರೆ?" ಎಂದರು. ಖಲಾಸಿಗಳೆಲ್ಲ ಗೊಳ್ಳೆಂದು ನಕ್ಕರು.

ಆಗಸ್ಟ್ 1ರಂದು ಬೋಟು ಹೊರಡುವಾಗ ನೋಡಿದೆ. ಡಬ್ಬಿಯನ್ನು ಕ್ಯಾಬಿನ್ನಿನ ಕಂಬಕ್ಕೆ ನೀಲಿ ನೈಲಾನ್ ಹಗ್ಗದಲ್ಲಿ ಬಿಗಿದಿದ್ದರು. ಮೇಲಿನ ಪ್ಲಾಸ್ಟಿಕ್ ಕವರ್ ಮಾತ್ರ ಬಿಚ್ಚಿರಲಿಲ್ಲ.